ಅರ್ಥವಾಗದ ಗೀತೆ ಯಾರದು?

ಸಿಂಗಪುರದ ರಾಷ್ಟ್ರಗೀತೆ ‘ಮಜುಲಾ ಸಿಂಗಪುರ’ ಇರುವುದು ಮಲಯ ಭಾಷೆಯಲ್ಲಿ. ಅಲ್ಲಿನ ಪ್ರಜೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಚೀನೀ ಮೂಲದವರು. ಅವರಲ್ಲಿ ಅನೇಕರಿಗೆ ಮಲಯ ಬಾರದು. ಆದರೂ ಅನುವಾದ ಹಾಡುವಂತಿಲ್ಲ, ಮೂಲವನ್ನೇ ಹಾಡಬೇಕು. ಅರ್ಥ ತಿಳಿಯದೆ ಹಾಡಿದ್ದು ನಮ್ಮದಾಗುತ್ತದೆಯೇ?

ಬಾಯಿಪಾಠವೇ ನಿಷ್ಠೆಯಲ್ಲ, ಒಪ್ಪುತ್ತೇನೆ. ಆದರೆ ನನಗೆ ಇದರ ಇನ್ನೊಂದು ಮಗ್ಗುಲೂ ಕಾಣುತ್ತದೆ. 1965ರಲ್ಲಿ ಮಲೇಷ್ಯಾದಿಂದ ಬೇರೆಯಾದಾಗ ಬಹುಸಂಖ್ಯಾತರು ತಮ್ಮ ಭಾಷೆಯ ಹೊಸ ಗೀತೆ ತರಬಹುದಿತ್ತು. ತರಲಿಲ್ಲ. ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ನಾಲ್ಕೂ ಅಧಿಕೃತ ಭಾಷೆಗಳು. ರಾಷ್ಟ್ರಭಾಷೆ ಮಾತ್ರ ಮಲಯ. ನೆರೆಯ ದೇಶಗಳ ಜೊತೆ ಬಾಳಬೇಕೆಂಬ ಲೆಕ್ಕಾಚಾರವೂ ಇದರಲ್ಲಿದೆ ಎನ್ನಬಹುದು. ಇರಲಿ, ಲೆಕ್ಕ ಹಾಕಿ ತೋರಿದ ಸಂಯಮವೂ ಸಂಯಮವೇ.

1958ರಲ್ಲಿ ಈ ಗೀತೆ ರಚಿಸಿದ ಜುಬಿರ್ ಸಯೀದ್ ಸುಮಾತ್ರಾದಿಂದ ಬಂದ ವಲಸಿಗರು.

ಹೊಂದಿಕೊಳ್ಳುವ ಹೊಣೆ ಸಾಮಾನ್ಯವಾಗಿ ಹೊರಗಿನಿಂದ ಬಂದವರ ತಲೆಗೇ ಬೀಳುತ್ತದೆ. ಹೊರನಾಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಹೆಚ್ಚು ಮಂದಿಯಿರುವವರೂ ಒಂದಿಷ್ಟು ಬಿಟ್ಟುಕೊಟ್ಟಾಗ ಲಾಂಛನ ಎಲ್ಲರದಾಗಲು ಶುರುವಾಗುತ್ತದೆ ಎಂದು ನನ್ನ ನಂಬಿಕೆ. ಶುರುವಾಗುತ್ತದೆ ಅಷ್ಟೆ. ಹಾಡುವವರು ಆ ಸಾಲುಗಳ ಅರ್ಥವನ್ನೂ ಕೇಳಿ ತಿಳಿಯಬೇಕು. ಇಲ್ಲದಿದ್ದರೆ ಬಿಟ್ಟುಕೊಟ್ಟ ಜಾಗ ಬರೀ ಖಾಲಿ ಜಾಗವಾಗಿಯೇ ಉಳಿಯುತ್ತದೆ.