ನೋಡುವ ಕಣ್ಣಿನ ಹೊಣೆ



ಕೆಲವು ವಾರಗಳ ಹಿಂದೆ ಬಾಗಲಗುಂಟೆಯ ಒಂದು ಮನೆಗೆ ಪ್ರಾರ್ಥನೆಗೆಂದು ಹೋಗಿದ್ದೆ. ಪ್ರಾರ್ಥನೆ ಮುಗಿದು ಕಾಫಿ ಬರುವಷ್ಟರಲ್ಲಿ ಮನೆಯ ಯುವಕರಿಬ್ಬರ ನಡುವೆ ಸಿನಿಮಾದ ಮಾತು ಆರಂಭವಾಗಿತ್ತು. 'ದಂಡುಪಾಳ್ಯ' ಚಿತ್ರದ ಮೊದಲನೆಯ ಭಾಗ ಮೇಲೋ, ಎರಡನೆಯ ಭಾಗ ಮೇಲೋ ಎಂಬುದೇ ಅವರ ವಾದ. ಮೊದಲನೆಯದರಲ್ಲಿ ಕೊಲೆಗಳು ಮೈನಡುಗಿಸುವಂತಿದ್ದವು, ಎರಡನೆಯದರಲ್ಲಿ ಆ ಖದರ್ ಇಲ್ಲ ಎಂಬುದು ಹಿರಿಯವನ ತೀರ್ಪು. ಪೊಲೀಸರು ಹೊಡೆಯುವ ದೃಶ್ಯಗಳೇ ಸಾಕಷ್ಟು ಭಯಂಕರವಾಗಿವೆಯಲ್ಲ ಎಂಬುದು ಕಿರಿಯವನ ಸಮರ್ಥನೆ. ಮೂಲೆಯಲ್ಲಿ ಜಪಸರ ಹಿಡಿದು ಕುಳಿತಿದ್ದ ಅವರ ಅಜ್ಜಿ ಮೆಲ್ಲನೆ ನುಡಿದರು: "ಫಾದರ್, ಆವಾಗ ಈ ಕಡೆಯೆಲ್ಲ ತೋಟ, ಖಾಲಿ ಜಾಗ. ಮನೆ ಒಂದಿಲ್ಲಿ, ಒಂದಲ್ಲಿ. ಆ ಸುದ್ದಿ ಕೇಳಿದ ಮೇಲೆ, ನೀರು ಕೊಡಿ ಅಂತ ಯಾರು ಬಂದರೂ ನಾನು ಬಾಗಿಲು ತೆಗೆಯಲಿಲ್ಲ. ಈಗಲೂ ಅಷ್ಟೇ, ಚಿಲಕಕ್ಕೆ ಕೈ ಹೋಗೋದಿಲ್ಲ."

ಯುವಕರು ಮೌನವಾದರು. ಒಂದೇ ವಿಷಯವನ್ನು ಕುರಿತು ಆ ಕೋಣೆಯಲ್ಲಿ ಎರಡು ಬಗೆಯ ಮಾತುಗಳು ಕೇಳಿಬಂದಿದ್ದವು. ಆ ಎರಡರ ನಡುವಣ ಅಂತರವನ್ನು ಕುರಿತು ನಿಮ್ಮೊಡನೆ ಕೆಲವು ಮಾತು ಹಂಚಿಕೊಳ್ಳಬೇಕೆನಿಸಿದೆ.

ಶ್ರೀನಿವಾಸರಾಜು ನಿರ್ದೇಶನದ 'ದಂಡುಪಾಳ್ಯ' 2012ರಲ್ಲಿ ತೆರೆಕಂಡಿತು. ಜನ ಮುಗಿಬಿದ್ದು ನೋಡಿದರು. '2' ಎಂಬ ಹೆಸರಿನ ಮುಂದಿನ ಭಾಗ 2017ರಲ್ಲಿ, ಮೂರನೆಯದು 2018ರಲ್ಲಿ ಬಂದವು. ಈ ಚಿತ್ರಗಳ ಹಿಂದಿರುವುದು ಕಟ್ಟುಕಥೆಯಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಮುತ್ತಲಿನ ಊರುಗಳಲ್ಲಿಯೂ ಒಂಟಿ ಮನೆಗಳಿಗೆ ನುಗ್ಗಿ ಕೊಲೆ, ಸುಲಿಗೆ ಮಾಡಿದ ತಂಡವೊಂದರ ಪ್ರಕರಣಗಳೇ ಅವಕ್ಕೆ ಆಧಾರ. ಅಲ್ಲಿ ಸತ್ತವರು ನಮ್ಮ ನಿಮ್ಮಂತೆ ಇದೇ ನಾಡಿನಲ್ಲಿ ಬಾಳಿದವರು. ಅವರ ಮಕ್ಕಳು ಇಂದೂ ನಮ್ಮ ನಡುವೆ ಇದ್ದಾರು. ಮೇಲಾಗಿ ದಂಡುಪಾಳ್ಯವೆಂಬುದು ಹೊಸಕೋಟೆಯ ಕಡೆಯ ಒಂದು ಊರಿನ ಹೆಸರು. ಯಾರಿಗೂ ಕೇಡು ಬಗೆಯದ ಅಲ್ಲಿಯ ಜನರೂ ಆ ಹೆಸರನ್ನು ಹೊತ್ತೇ ಬಾಳಬೇಕು.

ಇಂಥ ಚಿತ್ರವನ್ನು ನೋಡುವುದು ಪಾಪವೇ ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಆತುರದ ಉತ್ತರ ಸಲ್ಲದು. ಭಯಾನಕ, ಬೀಭತ್ಸಗಳನ್ನು ಭರತಮುನಿ ರಸಗಳೆಂದೇ ಎಣಿಸಿದ್ದಾನೆ. ದುರಂತ ನಾಟಕವು ಕರುಣೆ ಮತ್ತು ಭೀತಿಗಳ ಮೂಲಕ ಮನಸ್ಸನ್ನು ಹಗುರಗೊಳಿಸುತ್ತದೆಂದು ಗ್ರೀಸಿನ ಅರಿಸ್ಟಾಟಲ್ ಹೇಳಿದ. ನಮ್ಮ ಧರ್ಮಸಭೆಯೂ ಕಣ್ಣುಮುಚ್ಚಿ ನಿಷೇಧಿಸಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಸಮೂಹ ಮಾಧ್ಯಮಗಳನ್ನು ಕುರಿತು ಹೊರಡಿಸಿದ ಆದೇಶಪತ್ರವು, ಕೇಡಿನ ಚಿತ್ರಣದಿಂದಲೂ ಮನುಷ್ಯನನ್ನು ಆಳವಾಗಿ ಅರಿಯಲು ಸಾಧ್ಯವೆಂದು ಒಪ್ಪುತ್ತದೆ. ಆದರೆ ಆ ಚಿತ್ರಣ ನೈತಿಕ ಸಂಯಮಕ್ಕೆ ಒಳಪಟ್ಟಿರಬೇಕು ಎನ್ನುತ್ತದೆ. ಅಷ್ಟಕ್ಕೇ ನಿಲ್ಲದೆ, ಹೊಣೆ ನಿರ್ಮಾಪಕರದು ಮಾತ್ರವಲ್ಲ, ತಾನಾಗಿ ಆರಿಸಿಕೊಂಡು ನೋಡುವವನದೂ ಹೌದು ಎಂದು ನೆನಪಿಸುತ್ತದೆ.

ನೋಡುವವನ ಈ ಹೊಣೆಯನ್ನು ಸಂತ ಅಗಸ್ಟೀನರಷ್ಟು ಸೂಕ್ಷ್ಮವಾಗಿ ಕಂಡವರು ವಿರಳ. ಅವರ ಆತ್ಮನಿವೇದನೆಯ ಆರನೆಯ ಭಾಗದಲ್ಲಿ ಗೆಳೆಯ ಅಲಿಪಿಯಸ್‌ನ ಪ್ರಸಂಗ ಬರುತ್ತದೆ. ಕಾನೂನು ಕಲಿಯಲೆಂದು ರೋಮಿಗೆ ಹೋಗಿದ್ದ ಆ ಯುವಕನಿಗೆ ಮಲ್ಲರು ಪರಸ್ಪರ ಕೊಲ್ಲುವ ಕ್ರೀಡೆಯೆಂದರೆ ಜಿಗುಪ್ಸೆ. ಸಂಗಡಿಗರು ಅವನನ್ನು ಬಲವಂತದಿಂದ ಎಳೆದೊಯ್ದರು. ದೇಹ ಅಲ್ಲಿದ್ದರೂ ಮನಸ್ಸನ್ನು ಕೊಡೆನೆಂದು ಆತ ಕಣ್ಣು ಮುಚ್ಚಿ ಕುಳಿತ. ಆದರೆ ಕಿವಿ ತೆರೆದಿತ್ತು. ಜನರ ಭಾರೀ ಕೂಗೊಂದು ಎದ್ದಾಗ ಕುತೂಹಲ ತಾಳದೆ ಕಣ್ಣು ತೆರೆದ, ರಕ್ತವನ್ನು ಕಂಡ, ಮತ್ತೆ ಮುಖ ತಿರುಗಿಸಲಾಗಲಿಲ್ಲ. ಕೊನೆಗೆ ಇತರರನ್ನೂ ಕರೆತರುವ ಹಂತಕ್ಕೆ ಮುಟ್ಟಿದ. ಅದೇ ಅಲಿಪಿಯಸ್ ಮುಂದೆ ಧರ್ಮಾಧ್ಯಕ್ಷರಾದರು ಎಂಬುದು ನಮಗೆ ಸಮಾಧಾನದ ಮಾತು.

ಗಮನಿಸಿ: ಅವನನ್ನು ಕೆಡವಿದ್ದು ಕತ್ತಿಯಲ್ಲ, ಜನರ ಕೂಗು. ಇಂದಿನ ಕೂಗು ಯಾವುದು? "ಮೊದಲ ಭಾಗದಷ್ಟು ರಕ್ತವಿಲ್ಲ" ಎಂಬ ನಮ್ಮ ಅಭಿಪ್ರಾಯವೇ. ಎರಡನೆಯ ಭಾಗವನ್ನು ಮೊದಲನೆಯದಕ್ಕೆ ಹೋಲಿಸಿ ಹೆಚ್ಚು ಬೇಡಿದಾಗ, ಮೂರನೆಯದನ್ನು ಹೇಗೆ ತೆಗೆಯಬೇಕೆಂದು ನಾವೇ ಹೇಳಿಕೊಟ್ಟಂತಾಯಿತು. ಸೋಜಿಗವೆಂದರೆ, 2017ರ ಆ ಚಿತ್ರ ಒಂದು ಗಂಭೀರ ಪ್ರಶ್ನೆಯನ್ನೂ ಎತ್ತಿತ್ತು. ಹೊಡೆದು ಪಡೆದ ತಪ್ಪೊಪ್ಪಿಗೆ ಸತ್ಯವೇ ಎಂದು ಅಲ್ಲಿ ಪತ್ರಕರ್ತೆಯೊಬ್ಬಳು ಹುಡುಕುತ್ತಾಳೆ. ಆ ಪ್ರಶ್ನೆಯನ್ನು ಚಿತ್ರ ನ್ಯಾಯವಾಗಿ ನಿಭಾಯಿಸಿತೇ ಎಂದು ಆ ಯುವಕರು ಚರ್ಚಿಸಿದ್ದರೆ ನಾನೂ ಸಂತೋಷದಿಂದ ಕೂಡಿಕೊಳ್ಳುತ್ತಿದ್ದೆ. ಅವರು ಏಟುಗಳನ್ನು ಮಾತ್ರ ತೂಗಿದರು.

"ಫಾದರ್, ಬೈಬಲಿನಲ್ಲೂ ರಕ್ತವಿದೆಯಲ್ಲ? ಗುಡಿಯ ಪೀಠದ ಮೇಲೆ ಶಿಲುಬೆಯೇ ಇದೆಯಲ್ಲ?" ಎಂದು ಆ ದಿನ ಕಿರಿಯವನು ಕೇಳಿದ. ಒಳ್ಳೆಯ ಪ್ರಶ್ನೆ. ಪವಿತ್ರ ಗ್ರಂಥದ ಮೊದಲ ಕೊಲೆಯ ಕಥೆಯನ್ನು ನೆನೆಯಿರಿ. ಕಾಯಿನನು ತಮ್ಮನನ್ನು ಹೇಗೆ ಕೊಂದನೆಂಬ ವಿವರವೇ ಅಲ್ಲಿಲ್ಲ. ನೆಲದೊಳಗಿಂದ ದೇವರಿಗೆ ಮೊರೆಯಿಡುವ ಹೇಬೆಲನ ರಕ್ತದ ಮಾತಿದೆ. ಅಲ್ಲಿ ಕಥೆ ಸತ್ತವನ ಪಕ್ಕದಲ್ಲಿ ನಿಂತು ಕೇಳುತ್ತದೆ. ಕಲ್ವಾರಿಯಲ್ಲಿಯೂ ಜನ ನೋಟವೊಂದನ್ನು ನೋಡಲೆಂದೇ ನೆರೆದಿದ್ದರು. ಆದರೆ ನಡೆದುದನ್ನೆಲ್ಲ ಕಂಡು ಎದೆ ಬಡಿದುಕೊಳ್ಳುತ್ತ ಹಿಂದಿರುಗಿದರೆಂದು ಸಂತ ಲೂಕರು ಬರೆಯುತ್ತಾರೆ. ಪ್ರೇಕ್ಷಕರಾಗಿ ಬಂದವರು ಪಶ್ಚಾತ್ತಾಪಿಗಳಾಗಿ ಮರಳಿದರು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೆಲ್ ಗಿಬ್ಸನ್ನರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' 2004ರಲ್ಲಿ ಬಂದಾಗ ಹೊರಗೆ ಬಂದವರಲ್ಲಿ ಕೆಲವರು ಕಣ್ಣೀರಿಟ್ಟುದನ್ನು ಕಂಡೆ. ಚಾಟಿಯೇಟಿನ ದೃಶ್ಯವನ್ನು ಎಷ್ಟು ಚೆನ್ನಾಗಿ ತೆಗೆದಿದ್ದಾರೆ ಎಂದು ಮೆಚ್ಚಿದವರನ್ನೂ ಕಂಡೆ. ಮೆಚ್ಚಿದವರಲ್ಲಿ ನಾನೂ ಒಬ್ಬ. ಆದ್ದರಿಂದ ವಿಷಯ ಪವಿತ್ರವಾದ ಮಾತ್ರಕ್ಕೆ ನೋಟ ಪವಿತ್ರವಾಗುವುದಿಲ್ಲ.

ತಂದೆತಾಯಂದಿರೇ, 'ವಯಸ್ಕರಿಗೆ ಮಾತ್ರ' ಎಂಬ ಚಿತ್ರಕ್ಕೆ ಚಿತ್ರಮಂದಿರದ ಬಾಗಿಲಲ್ಲಾದರೂ ಒಬ್ಬ ಕಾವಲುಗಾರನಿರುತ್ತಾನೆ. ಮನೆಯ ಮೊಬೈಲಿಗೆ ನೀವೇ ಕಾವಲು. ಎಳೆಯರನ್ನು ತಡೆಯಿರಿ. ಬೆಳೆದವರನ್ನು ಗದರಿಸಬೇಡಿ, ಅವರೊಡನೆ ಮಾತನಾಡಿ. "ಹೇಗಿತ್ತು?" ಎಂಬಲ್ಲಿಗೆ ನಿಲ್ಲಿಸದೆ, "ಸತ್ತವಳ ಹೆಸರು ನಿನಗೆ ನೆನಪಿದೆಯೇ? ಯಾರ ಮೇಲೆ ನಿನಗೆ ಕರುಣೆ ಬಂತು?" ಎಂದು ಕೇಳಿ ನೋಡಿ. ಕೊಂದವರ ಹೆಸರುಗಳಷ್ಟೇ ನೆನಪಿದ್ದರೆ, ಆ ಚಿತ್ರ ಏನನ್ನು ಕಲಿಸಿತೆಂಬುದು ಅವರಿಗೇ ತಿಳಿಯುತ್ತದೆ.

ಆ ಅಜ್ಜಿಯ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದೆಂದು ಯೇಸುಸ್ವಾಮಿ ಭರವಸೆಯಿತ್ತಿದ್ದಾರೆ. ಆ ತಂಡ ಕೆಲವರ ಪ್ರಾಣವನ್ನು ಕಿತ್ತುಕೊಂಡಿತು. ಸಾವಿರಾರು ಮನೆಗಳಿಂದ ಆ ಒಂದು ಲೋಟ ನೀರನ್ನೂ ಕಿತ್ತುಕೊಂಡಿತು. ಅಜ್ಜಿಯ ಭಯ ತಪ್ಪಲ್ಲ, ಅದು ಬಾಳಿನಿಂದ ಬಂದದ್ದು. ಆದರೆ ಭಯವನ್ನು ರುಚಿಗಾಗಿ ಮತ್ತೆ ಮತ್ತೆ ಸವಿಯುವ ನಮ್ಮ ಮನೆಗಳಲ್ಲಿ ಅಪರಿಚಿತನು ಮನುಷ್ಯನಾಗಿ ಕಾಣುವುದು ಹೇಗೆ?

ಹೊರಡುವಾಗ ಹಿರಿಯವನು ಗೇಟಿನವರೆಗೆ ಬಂದ. "ಅಜ್ಜಿ ಈ ಮಾತನ್ನು ನಮಗೆ ಒಮ್ಮೆಯೂ ಹೇಳಿರಲಿಲ್ಲ, ಫಾದರ್" ಎಂದ. "ನೀವು ಕೇಳಿದ್ದಿರಾ?" ಎಂದೆ. ಇಲ್ಲವೆಂದು ತಲೆಯಾಡಿಸಿದ. ಆ ಸಂಜೆ ಕೇಳುತ್ತೇನೆಂದು ಹೇಳಿ ಒಳಗೆ ಹೋದ.