ಪ್ರಾಶ್ನಿಕನ ಧರ್ಮ

ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸತಕ್ಕವರಿಗೆ ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಪ್ರಾಶ್ನಿಕರೆಂದು ಹೆಸರು. ಯಜ್ಞದ ವಿಷಯ ಬಂದಲ್ಲಿ ಯಜ್ಞವಿದನೂ, ಶಬ್ದದ ವಿಷಯದಲ್ಲಿ ವೈಯಾಕರಣನೂ, ಬಿಲ್ಲಿನ ವಿಷಯದಲ್ಲಿ ಧನುರ್ಧರನೂ, ಹೀಗೆ ಯಾವ ವಿದ್ಯೆಯನ್ನು ಯಾರು ಬಲ್ಲರೋ ಅಲ್ಲಿ ಅವರೇ ಪ್ರಮಾಣವೆಂಬುದು ಆ ಶಾಸ್ತ್ರದ ಅಭಿಪ್ರಾಯ. ಇದು ಯುಕ್ತವಾದ ಏರ್ಪಾಡೇ ಸರಿ. ಆದರೆ ನಿನ್ನೆಯವರೆಗೆ ಲೋಕದಲ್ಲಿಲ್ಲದಿದ್ದ ಒಂದು ವಿದ್ಯೆ ಇಂದು ರಂಗಕ್ಕೆ ಬಂದರೆ ಅದನ್ನು ಬಲ್ಲವನಾರು? ಮಾಡಿದವನೊಬ್ಬನೇ ಬಲ್ಲನು, ಅವನಾದರೋ ಸ್ಪರ್ಧಿ, ತನ್ನ ವಿಷಯದಲ್ಲಿ ತಾನೇ ಪ್ರಮಾಣವಾಗಲಾರನು. ಈ ತೊಡಕು ಶೀತದೇಶಗಳ ಒಂದು ಕ್ರೀಡೆಯಲ್ಲಿ ಬಹು ಸ್ಪಷ್ಟವಾಗಿ ತೋರಿಬಂದಿದೆ.

ಕಾಲಿಗೆ ನೀಳವಾದ ಹಲಗೆಗಳನ್ನು ತೊಟ್ಟು ಹಿಮದ ಇಳಿಜಾರಿನಲ್ಲಿ ಜಾರುವುದೇ ಸ್ಕೀ. ಅದರಲ್ಲಿ ವೇಗವೊಂದನ್ನೇ ಎಣಿಸದೆ ನೆಗೆತ, ಸುತ್ತು, ಅಂಗವಿನ್ಯಾಸಗಳನ್ನೂ ಎಣಿಸುವ ಪ್ರಭೇದಕ್ಕೆ ಫ್ರೀಸ್ಟೈಲ್ ಎನ್ನುವರು. ಹಿಮದ ಗುಬ್ಬಗಳ ಮೇಲೆ ತಿರುಗುತ್ತ ಇಳಿದು, ನಡುವೆ ಎರಡು ಬಾರಿ ನೆಗೆಯುವ 'ಮೊಗಲ್' ಎಂಬ ಶಾಖೆಗೆ 1992ರಿಂದ ಒಲಿಂಪಿಕ್ ಪದಕವುಂಟು. 1998ರಲ್ಲಿ ಜಪಾನಿನ ನಾಗಾನೋದಲ್ಲಿ ಅಮೆರಿಕದ ಜಾನಿ ಮೋಸ್ಲಿ ಅದರ ಚಿನ್ನವನ್ನು ಗೆದ್ದನು. 2002ರ ಸಾಲ್ಟ್ ಲೇಕ್ ಸಿಟಿ ಕೂಟಕ್ಕೆ ಆತನು ತಂದುದು 'ಡಿನ್ನರ್ ರೋಲ್' ಎಂಬ ಹೊಸ ನೆಗೆತ. ದೇಹವನ್ನು ಗಾಳಿಯಲ್ಲಿ ಓರೆಯಾಗಿ, ನೆಲಕ್ಕೆ ಹೆಚ್ಚುಕಡಮೆ ಸಮಾನಾಂತರವಾಗಿ ಮಲಗಿಸಿ ಎರಡು ಪೂರ್ಣಸುತ್ತು ಸುತ್ತುವುದು. ಆಗಿನ ನಿಯಮದಂತೆ ಮೊಗಲ್‌ನಲ್ಲಿ ತಲೆಕೆಳಗಾಗುವ ನೆಗೆತ ನಿಷಿದ್ಧ. ಕಾಲು ತಲೆಗಿಂತ ಮೇಲೆ ಹೋಗದಿದ್ದರೆ ಅದು ತಲೆಕೆಳಗಲ್ಲವೆಂಬ ವಾದದ ಮೇಲೆ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು ಅದಕ್ಕೆ ಅನುಮತಿಯನ್ನಿತ್ತಿತು. ನಮ್ಮ ಮೀಮಾಂಸಕರು ಕೇಳಿದ್ದರೆ ತಲೆದೂಗುತ್ತಿದ್ದರು.

ಮೋಸ್ಲಿ ಆ ನೆಗೆತವನ್ನು ಮಾಡಿ ನಿಂತನು. ದೊರೆತುದು ನಾಲ್ಕನೆಯ ಸ್ಥಾನ. ಚಿನ್ನ ಫಿನ್ಲೆಂಡಿನ ಯಾನೆ ಲಾಹ್ತೆಲಾನಿಗೆ ಸಂದಿತು. ಅಪೂರ್ವವಾದುದನ್ನು ಮಾಡಿದವನಿಗೆ ಪದಕವಿಲ್ಲವೆಂದರೆ ಅನ್ಯಾಯವಲ್ಲವೇ ಎಂದು ಹಲವರು ಕೇಳಿದರು. ಆದರೆ ಅಂದಿನ ಅಂಕಗಳ ಹಂಚಿಕೆಯನ್ನು ನೋಡಬೇಕು. ಅರ್ಧಭಾಗ ತಿರುವುಗಳಿಗೆ, ಕಾಲುಭಾಗ ವೇಗಕ್ಕೆ, ಉಳಿದ ಕಾಲುಭಾಗ ಮಾತ್ರವೇ ಎರಡೂ ನೆಗೆತಗಳಿಗೆ. ಸಾರಿ ಹೇಳಿದ್ದ ಈ ಅಳತೆಯನ್ನು ನಂಬಿ ವರ್ಷಗಟ್ಟಲೆ ತಿರುವುಗಳನ್ನು ತಿದ್ದಿಕೊಂಡು ಬಂದ ಇತರರು ಅಲ್ಲಿದ್ದರು. ಹೊಸತನಕ್ಕೆ ಮನಸೋತು ಅಳತೆಗೋಲನ್ನು ಆಟದ ನಡುವೆ ಬದಲಿಸಿದ್ದರೆ ಅವರಿಗೆ ಕೊಟ್ಟ ಮಾತು ತಪ್ಪಿದಂತಾಗುತ್ತಿತ್ತು. ಮೇಲಾಗಿ ಆ ನಿಷೇಧವು ಹುಟ್ಟಿದುದು ಕತ್ತು, ಬೆನ್ನೆಲುಬುಗಳ ಭಯದಿಂದ. ನಿರ್ಣಾಯಕನು ಯಾವುದಕ್ಕೆ ಹೆಚ್ಚು ಅಂಕವನ್ನು ಕೊಡುವನೋ ಅದನ್ನು ನಾಳೆ ನೂರು ಹುಡುಗರು ಮಾಡಹೊರಡುವರು. ಆದುದರಿಂದ ಅಲ್ಲಿ ಅನ್ಯಾಯವಾಯಿತೆನ್ನಲು ಆಧಾರವಿಲ್ಲ. ಹೊಸತಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಬೇಕಾದವನು ನಿಯಮಕರ್ತ. ಅವನು ಸಲ್ಲಿಸಿಯೂ ಸಲ್ಲಿಸಿದನು. 2003ರಲ್ಲಿ ಮೊಗಲ್‌ನಲ್ಲಿ ತಲೆಕೆಳಗಿನ ನೆಗೆತಗಳಿಗೂ ಅನುಮತಿ ದೊರೆಯಿತು.

'ಏರಿಯಲ್ಸ್' ಎಂಬ ಮತ್ತೊಂದು ಶಾಖೆಯಲ್ಲಿ ಈ ಜಗಳ ಕಡಮೆ. ಅಲ್ಲಿ ಪ್ರತಿ ನೆಗೆತಕ್ಕೂ ಕ್ಲಿಷ್ಟತೆಯ ಅಂಕಿಯೊಂದು ಮೊದಲೇ ಗೊತ್ತಾಗಿದ್ದು, ಮಾಡಿದ ಅಂದಕ್ಕೆ ಬಂದ ಅಂಕವನ್ನು ಅದರಿಂದ ಗುಣಿಸುವರು. ಅಮೆರಿಕದ ಜೆರೆಟ್ ಪೀಟರ್‌ಸನ್ ಮೂರು ಪಲ್ಟಿಗಳಲ್ಲಿ ಐದು ತಿರುಚುಗಳಿದ್ದ ತನ್ನ 'ಹರಿಕೇನ್' ನೆಗೆತವನ್ನು 2006ರಲ್ಲಿ ಪ್ರಯತ್ನಿಸಿ ಏಳನೆಯವನಾದನು. 2010ರಲ್ಲಿ ಅದನ್ನೇ ಸಾಧಿಸಿ ಬೆಳ್ಳಿಯನ್ನು ಪಡೆದನು. ಸೋಲು ಗೆಲವುಗಳೆರಡೂ ಗಣಿತದಂತೆ ನಡೆದುವು.

ಆದರೆ ಅಳತೆಯೇ ಹೊಸತನ್ನು ಗಮನಿಸಬೇಕೆಂದು ವಿಧಿಸಿರುವೆಡೆ ಮಾತು ಬೇರೆ. ಸೀಳಿದ ಕೊಳವೆಯಂತಹ ಹಿಮದ ಕಾಲುವೆಯಲ್ಲಿ ನಡೆಯುವ 'ಹಾಫ್‌ಪೈಪ್' ಸ್ಪರ್ಧೆಯಲ್ಲಿ ಎತ್ತರ, ಕ್ಲಿಷ್ಟತೆ, ವೈವಿಧ್ಯ, ನಿರ್ವಹಣೆಗಳೊಡನೆ 'ಮುನ್ನಡೆ'ಯೂ, ಎಂದರೆ ವಿದ್ಯೆಯನ್ನು ಮುಂದಕ್ಕೊಯ್ಯುವುದೂ, ಗಣನೆಗೆ ಬರುತ್ತದೆ. ಎಲ್ಲವೂ ಕೂಡಿ ಮನಸ್ಸಿನಲ್ಲಿ ಮೂಡಿದ ಒಟ್ಟು ಅಭಿಪ್ರಾಯಕ್ಕೆ ನೂರರೊಳಗೆ ಒಂದು ಅಂಕ. ಸ್ಕೀ ಹಾಫ್‌ಪೈಪ್ ಒಲಿಂಪಿಕ್ಕಿಗೆ ಸೇರಿದುದು 2014ರಲ್ಲಿ. ಒಂದೇ ಅಗಲವಾದ ಹಲಗೆಯ ಮೇಲೆ ಆಡುವ ಅದರ ಸೋದರಕ್ರೀಡೆ ಸ್ನೋಬೋರ್ಡಿನಲ್ಲಿಯೂ ಕ್ರಮವು ಇದೇ. 2022ರ ಬೀಜಿಂಗ್ ಕೂಟದಲ್ಲಿ ಜಪಾನಿನ ಆಯುಮು ಹಿರಾನೋ, ಆ ಕೂಟಕ್ಕೆ ಮುನ್ನ ಒಲಿಂಪಿಕ್ ಹಾಫ್‌ಪೈಪಿನಲ್ಲಿ ಯಾರೂ ಮಾಡಿರದ, ಓರೆಯಾದ ಮೂರು ಪಲ್ಟಿಗಳ ನೆಗೆತವನ್ನು ಎರಡನೆಯ ಸರದಿಯಲ್ಲಿ ತಪ್ಪಿಲ್ಲದೆ ಮುಗಿಸಿದನು. ಕೊಟ್ಟ ಅಂಕ 91.75. ಆಸ್ಟ್ರೇಲಿಯದ ಸ್ಕಾಟಿ ಜೇಮ್ಸನ ಅಂಕ 92.50. ಇಲ್ಲಿ ನಿರ್ಣಾಯಕರು ನಿಯಮದ ಮರೆಯಲ್ಲಿ ನಿಲ್ಲುವಂತಿರಲಿಲ್ಲ. ನೋಡಬೇಕೆಂದು ನಿಯಮವೇ ಹೇಳಿದ್ದುದನ್ನು ಅವರು ಸಾಲದಷ್ಟು ನೋಡಿದರು. ಮುಂದೆ ಇನ್ನೂ ಉತ್ತಮವಾದುದು ಬಂದೀತೆಂಬ ಎಚ್ಚರಿಕೆ ಇದ್ದಿರಬಹುದು. ಆದರೆ ಎಚ್ಚರಿಕೆಯ ಬೆಲೆಯನ್ನು ತೆರಬೇಕಾದವನು ಸ್ಪರ್ಧಿಯೇ ಏಕೆ?

ಹಿರಾನೋ ವಾದಕ್ಕೆ ನಿಲ್ಲದೆ ಮೂರನೆಯ ಸರದಿಯಲ್ಲಿ ಅದೇ ನೆಗೆತಗಳನ್ನು ಮತ್ತೆ ಮಾಡಿದನು. ಈ ಬಾರಿ ಬಂದುದು 96.00, ಅದರೊಡನೆ ಚಿನ್ನ. ನ್ಯಾಯವಾಯಿತೆಂದು ಜನರು ಸಂತೋಷಪಟ್ಟರು. ಎರಡನೆಯ ಬಾರಿ ಇನ್ನಷ್ಟು ಚೆನ್ನಾಗಿ ಮಾಡಿದನೆನ್ನೋಣ; ಆದರೂ ಒಮ್ಮೆ ಪಾರಾದ ಅಪಾಯವನ್ನು ಪ್ರಾಶ್ನಿಕರ ಕಣ್ಣು ತೆರೆಯಿಸುವುದಕ್ಕಾಗಿ ಆತನು ಇನ್ನೊಮ್ಮೆ ಎದುರಿಸಬೇಕಾಯಿತು. ಆ ಸರದಿಯಲ್ಲಿ ಬಿದ್ದಿದ್ದರೆ 91.75 ಎಂಬುದೇ ಕೊನೆಯ ಮಾತಾಗುತ್ತಿತ್ತು.