ಗಿಣ್ಣು ಯಾರ ಪಾಲು?

ಹಸು ಈದ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ, "ಗಂಡೋ ಹೆಣ್ಣೋ?" ಅರಸೀಕೆರೆಯ ಬಯಲಿನಲ್ಲಾಗಲಿ, ಬೇಲೂರು-ಹಳೇಬೀಡಿನ ಹಳ್ಳಿಗಳಲ್ಲಾಗಲಿ, ಡೈರಿ ದುಡ್ಡಿನಿಂದ ಸಂಸಾರ ತೂಗಿಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಹೆಣ್ಣಾದರೆ ನಾಳಿನ ಹಸು. ಗಂಡಾದರೆ, ಟ್ರ್ಯಾಕ್ಟರ್ ಉಳುವ ಈ ಕಾಲದಲ್ಲಿ, ಬರೀ ಖರ್ಚು. ಅದನ್ನು ಯಾರೂ ಹೊಡೆಯುವುದಿಲ್ಲ. ಕೆಲವು ಕೊಟ್ಟಿಗೆಗಳಲ್ಲಿ ಹೊಟ್ಟೆತುಂಬ ಕುಡಿಯಲು ಬಿಡುವುದಿಲ್ಲ, ಅಷ್ಟೆ. ಈ "ಅಷ್ಟೆ" ಎಂಬುದು ಎಷ್ಟು ದೊಡ್ಡದು ಎಂದು ನೋಡೋಣ.

ಕರು ನೆಲಕ್ಕೆ ಬಿದ್ದೊಡನೆ ತಾಯಿ ನೆಕ್ಕತೊಡಗುತ್ತದೆ. ಮೈ ಒಣಗುತ್ತದೆ, ಉಸಿರು ಸಲೀಸಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕರು ಎದ್ದು, ಬಿದ್ದು, ಮತ್ತೆ ಎದ್ದು ಕೆಚ್ಚಲು ಹುಡುಕುತ್ತದೆ. ಮನುಷ್ಯರ ಕೂಸಿಗೆ ರೋಗ ತಡೆಯುವ ಶಕ್ತಿಯ ಒಂದು ಪಾಲು ಗರ್ಭದಲ್ಲೇ ತಾಯಿಯಿಂದ ಬಂದಿರುತ್ತದೆ. ಕರುವಿಗೆ ಹಾಗಲ್ಲ, ಅದಕ್ಕೆ ಅದು ಬರಬೇಕಾದದ್ದು ಗಿಣ್ಣುಹಾಲಿನಿಂದಲೇ. ಅದನ್ನು ಹೀರಿಕೊಳ್ಳುವ ಶಕ್ತಿಯೂ ಗಂಟೆಗಂಟೆಗೆ ಕುಗ್ಗಿ, 24 ಗಂಟೆಯ ಹೊತ್ತಿಗೆ ಬಹುಮಟ್ಟಿಗೆ ಮುಗಿದುಹೋಗುತ್ತದೆ. 30 ಕಿಲೋ ತೂಗುವ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್ ಗಿಣ್ಣು ಬೇಕು. ಕಸ ಬೀಳುವ ತನಕ ಕರು ಬಿಡಬಾರದೆಂಬ ನಂಬಿಕೆ ಹಲವರಲ್ಲಿದೆ. ನಿಜವಾಗಿ ಕರು ಚೀಪಿದರೆ ಗರ್ಭಕೋಶ ಕುಗ್ಗಿ ಕಸ ಬೀಳಲು ಸಹಾಯವೇ ಆಗುತ್ತದೆ.

ಹಾಗಾದರೆ ಕರುವಿಗೆ ಗಿಣ್ಣು ಕುಡಿಸುವುದು ನಮ್ಮ ದಯೆಯೋ, ಅದರ ಹಕ್ಕೋ? ಪ್ರಾಣಿಗಳಿಗೆ ಕ್ರೂರನಾದವನು ಮನುಷ್ಯರಿಗೂ ಕ್ರೂರನಾದಾನು ಎಂದು ಸಂತ ತೋಮಸ್ ಅಕ್ವಿನಾಸರು ಎಚ್ಚರಿಸಿದರು. ತತ್ವಜ್ಞಾನಿ ಕಾಂಟ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಮಾತು ನಿಜ, ಆದರೆ ಸಾಲದು. ಮಕ್ಕಳನ್ನು ಮುದ್ದಿನಿಂದ ಸಾಕುವ ತಂದೆಯೂ ಕರುವನ್ನು ಉಪವಾಸ ಕೆಡವಬಹುದು. ಅವನ ಮನಸ್ಸು ಕೆಡಲಿಲ್ಲವೆಂದು ಕರುವಿನ ಹಸಿವು ತಣಿಯುವುದೇ?

ಯಾಜಕಕಾಂಡದ 22ನೆಯ ಅಧ್ಯಾಯದಲ್ಲಿ (ವಚನ 27) ಒಂದು ನಿಯಮವಿದೆ. ಹುಟ್ಟಿದ ಕರುವಾಗಲಿ, ಕುರಿ-ಆಡಿನ ಮರಿಯಾಗಲಿ, ಏಳು ದಿನ ತಾಯಿಯ ಬಳಿ ಇರಬೇಕು. ಎಂಟನೆಯ ದಿನದಿಂದ ಮಾತ್ರ ಬಲಿಗೆ ಯೋಗ್ಯ. ಗಮನಿಸಿ, ಇಲ್ಲಿ ದೇವರೇ ತಮ್ಮ ಪಾಲಿಗಾಗಿ ಕಾಯುತ್ತಾರೆ. ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ.

"ಗುರುಗಳೇ, ನಿಮಗೇನು, ಹಸುವಿಲ್ಲ, ಸಾಲವಿಲ್ಲ" ಎನ್ನಬಹುದು. ಆದರೆ ಗಿಣ್ಣುಹಾಲನ್ನು ಡೈರಿಗೆ ಹಾಕುವಂತಿಲ್ಲ. ಸೀಮೆ ಹಸುವಾದರೆ ಸಾಮಾನ್ಯವಾಗಿ ಕರು ಕುಡಿದೂ ಮಿಗುತ್ತದೆ. ಮಿಕ್ಕದ್ದನ್ನು ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ನೆರೆಮನೆಗೂ ಹಂಚಿರಿ, ಅದರಲ್ಲಿ ದೋಷವಿಲ್ಲ. ಮೊದಲು ಕರು, ಆಮೇಲೆ ನಾವು, ಇಷ್ಟೇ ವಿಷಯ. ಮುಂದೆ ಗಂಡು ಕರುವನ್ನು ಏನು ಮಾಡಬೇಕೆಂಬುದು ನಿಜಕ್ಕೂ ಕಷ್ಟದ ಪ್ರಶ್ನೆ. ಅದಕ್ಕೆ ಉತ್ತರ ಏನೇ ಇರಲಿ, ಮೊದಲ ದಿನದ ಹಸಿವು ಆ ಉತ್ತರವಲ್ಲ.

ಮೈಸೂರು ಅರಸರ ಅಮೃತಮಹಲ್ ಕಾವಲುಗಳಲ್ಲಿ ತಾಯಿಯ ಹಾಲು ಕರುವಿಗೇ ಮೀಸಲಾಗಿತ್ತು. ದಂಡಿನ ಗಾಡಿ ಎಳೆಯಲು ಗಟ್ಟಿ ಹೋರಿ ಬೇಕಿತ್ತು. ಅದೂ ಉಪಯೋಗದ ಲೆಕ್ಕವೇ. ಆ ಉಪಯೋಗ ಹೋದಾಗ ಗಂಡು ಕರುವಿನ ಹಾಲೂ ಹೋಯಿತು.

ಕೊಟ್ಟಿಗೆಯಲ್ಲಿ ಹೆಣ್ಣು ಬೇಕು, ಹೆರಿಗೆ ಮನೆಯಲ್ಲಿ ಗಂಡು ಬೇಕು. ಭ್ರೂಣದ ಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಕಾಯಿದೆಯೇ ಬರಬೇಕಾಯಿತು. ಕರುವೂ ಕೂಸೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಹುಟ್ಟಿದ ಜೀವವನ್ನು ನೋಡಿ "ಇದರಿಂದ ನಮಗೇನು ಲಾಭ?" ಎಂದು ಮೊದಲು ಕೇಳುವ ರೂಢಿ ಎರಡು ಕಡೆಯೂ ಒಂದೇ. "ಇದಕ್ಕೆ ಈಗ ಏನು ಬೇಕು?" ಎಂದು ಮೊದಲು ಕೇಳುವುದನ್ನು ನಮ್ಮ ಮಕ್ಕಳು ಕೊಟ್ಟಿಗೆಯಲ್ಲೇ ಕಲಿಯಲಿ.